ಅಶ್ವಗಂಧವೂ ಥೈರಾಯ್ಡ್ ಮಾತ್ರೆಯೂ

ಪ್ರಶ್ನೆ: ನನಗೆ 46 ವರ್ಷ, ಅಡಿಕೆ ಕೃಷಿಕ. ಥೈರಾಯ್ಡ್ ಕೊರತೆಗಾಗಿ ದಿನವೂ ಥೈರಾಕ್ಸಿನ್ ಮಾತ್ರೆ ಸೇವಿಸುತ್ತೇನೆ. ಮನಸ್ಸಾದ ದಿನ ಅರ್ಧ ಗಂಟೆ ನಡೆಯುತ್ತೇನೆ. ಸ್ನೇಹಿತರ ಮಾತಿನಂತೆ ಎರಡು ತಿಂಗಳಿಂದ ಅಶ್ವಗಂಧದ ಚೂರ್ಣವನ್ನೂ ಅಮೃತಬಳ್ಳಿಯ ಕಷಾಯವನ್ನೂ ಸೇವಿಸುತ್ತಿದ್ದೇನೆ. ಮುಂದುವರಿಸಬಹುದೇ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಸದ್ಯಕ್ಕೆ ಎರಡನ್ನೂ ನಿಲ್ಲಿಸಿ, ನಿಮ್ಮ ವೈದ್ಯರಿಗೆ ವಿಷಯ ತಿಳಿಸಿ, ಮಾತ್ರೆಯನ್ನು ಮಾತ್ರ ಬಿಡಬೇಡಿ. ಅಶ್ವಗಂಧವು ಥೈರಾಯ್ಡ್ ಹಾರ್ಮೋನಿನ ಪ್ರಮಾಣವನ್ನು ಹೆಚ್ಚಿಸಬಲ್ಲದಾದ್ದರಿಂದ, ಅದೇ ಹಾರ್ಮೋನನ್ನು ಮಾತ್ರೆಯ ರೂಪದಲ್ಲಿ ಪಡೆಯುತ್ತಿರುವ ನಿಮ್ಮಂಥವರಲ್ಲಿ ಎದೆಬಡಿತ, ಕೈನಡುಕ, ನಿದ್ರಾಹೀನತೆ ಕಾಣಿಸಿಕೊಳ್ಳಬಹುದು. ಇದನ್ನೇ ಹೊಸ ಚೈತನ್ಯವೆಂದು ಭ್ರಮಿಸುವವರೂ ಇದ್ದಾರೆ. ಈ ಎರಡೂ ಮೂಲಿಕೆಗಳಿಂದ, ಅಪರೂಪಕ್ಕಾದರೂ, ಯಕೃತ್ತಿಗೆ ಹಾನಿಯಾದ ಪ್ರಕರಣಗಳು ವರದಿಯಾಗಿವೆ. ಬೇಲಿಯಲ್ಲಿ ಹಬ್ಬಿದ ಬಳ್ಳಿಯೆಂಬ ಸಲುಗೆ ಇಲ್ಲಿ ಸಲ್ಲದು. ಟಿಎಸ್‌ಎಚ್ (ಥೈರಾಯ್ಡ್‌ನ ಸ್ಥಿತಿ ತಿಳಿಸುವ ರಕ್ತಪರೀಕ್ಷೆ) ಜೊತೆಗೆ ಯಕೃತ್ತಿನ ರಕ್ತಪರೀಕ್ಷೆಯನ್ನೂ ಮಾಡಿಸಿ. ಕಣ್ಣು ಹಳದಿಯಾದರೆ ಅಥವಾ ಮೂತ್ರದ ಬಣ್ಣ ಗಾಢವಾದರೆ ಒಂದು ದಿನವೂ ಕಾಯದೆ ಆಸ್ಪತ್ರೆಗೆ ಹೋಗಿ.

ಊಟದೊಂದಿಗಿನ ತಿಮರೆ (ಒಂದೆಲಗ) ತಂಬುಳಿಗೆ ನನ್ನ ತಕರಾರಿಲ್ಲ. ಅದು ಅಡುಗೆ, ಚಿಕಿತ್ಸೆಯಲ್ಲ. ನಡಿಗೆಯನ್ನು ಮಾತ್ರ ಮನಸ್ಸಿಗೆ ಬಿಡದೆ, ವಾರಕ್ಕೆ 150 ನಿಮಿಷಗಳಾಗುವಂತೆ, ಸ್ವಲ್ಪ ಏದುಸಿರು ಬರುವ ವೇಗದಲ್ಲಿ ನಡೆಯಿರಿ. ತೋಟದ ಏರುದಾರಿಯೇ ಸಾಕು.