ಸಂಪಾದಕರ ಉತ್ತರ: ಹಿಮ ಕರಗಿದ ಮೇಲೆ ನಟರು ಎಲ್ಲಿ ಹೋದರು?

ದಾವಣಗೆರೆಯ ಓದುಗರೊಬ್ಬರು (ಹೆಸರು ಹಾಕಬೇಡಿ ಅಂದಿದ್ದಾರೆ) ಸಿಟ್ಟಿನಲ್ಲಿ ಉದ್ದದ ಪತ್ರ ಬರೆದಿದ್ದಾರೆ. ಮತ್ತೊಮ್ಮೆ ನೋಡಬಹುದಾದ ಹಾಲಿವುಡ್ ಸಿನಿಮಾಗಳ ಪಟ್ಟಿಯಲ್ಲಿ ನಾವು 2004ರ 'ದಿ ಡೇ ಆಫ್ಟರ್ ಟುಮಾರೋ' ಸೇರಿಸಿದ್ದೇ ಕಾರಣ. ಅವರ ಪ್ರಕಾರ ಅದರ ವಿಜ್ಞಾನ ಬರೀ ಬುರುಡೆ, ಚಳಿ ಮನುಷ್ಯರನ್ನು ಅಟ್ಟಿಸಿಕೊಂಡು ಬರುವ ಸೀನ್ ನಗೆಪಾಟಲು, ನಟರಂತೂ ದಂಡ. "ನಟಿಸಿದವರೆಲ್ಲ ನ್ಯೂಯಾರ್ಕ್ ಜೊತೆಗೇ ಹೆಪ್ಪುಗಟ್ಟಿ ಹೋದರು, ಆಮೇಲೆ ಒಬ್ಬರೂ ಮೇಲೇಳಲಿಲ್ಲ" ಅಂತ ಬರೆದಿದ್ದಾರೆ. ಇಷ್ಟೆಲ್ಲ ಬೈದು ಕೊನೆಗೆ ಒಂದು ಪ್ರಶ್ನೆ: ಇದನ್ನು ಮಕ್ಕಳಿಗೆ ತೋರಿಸಬಹುದಾ?

ಸ್ವಾಮಿ, ವಿಜ್ಞಾನದ ವಿಷಯದಲ್ಲಿ ನಿಮ್ಮ ಜೊತೆ ಅರ್ಧ ದಾರಿ ಬರುತ್ತೇನೆ. ನಟರ ವಿಷಯದಲ್ಲಿ ಮಾತ್ರ ಒಂದು ಹೆಜ್ಜೆಯೂ ಬರುವುದಿಲ್ಲ.

ನೋಡದವರಿಗಾಗಿ ಕಥೆ ಹೇಳಿಬಿಡುತ್ತೇನೆ. ಡೆನಿಸ್ ಕ್ವೇಡ್ ಹಳೆಯ ಹವಾಮಾನವನ್ನು ಅಭ್ಯಾಸ ಮಾಡುವ ವಿಜ್ಞಾನಿ. ಅಂಟಾರ್ಕ್ಟಿಕಾದಲ್ಲಿ ಅವನ ಕಾಲ ಬುಡದಲ್ಲೇ ಹಿಮದ ಹಾಸು ಸೀಳುತ್ತದೆ. ಸಾಗರದ ಪ್ರವಾಹ ನಿಂತರೆ ಹಿಮಯುಗ ಬರುತ್ತದೆ ಅಂತ ದೆಹಲಿಯ ಸಮ್ಮೇಳನದಲ್ಲಿ ಹೇಳುತ್ತಾನೆ, ಹೊರಗೆ ದೆಹಲಿಯಲ್ಲಿ ಹಿಮ ಬೀಳುತ್ತಿದೆ, ಆದರೂ ಅಮೆರಿಕದ ಉಪಾಧ್ಯಕ್ಷ ಖರ್ಚಿನ ಮಾತಾಡುತ್ತಾನೆ. ಆಮೇಲೆ ಟೋಕಿಯೋದಲ್ಲಿ ದಪ್ಪ ಆಲಿಕಲ್ಲು, ಲಾಸ್ ಏಂಜಲೀಸ್‌ನಲ್ಲಿ ಸುಂಟರಗಾಳಿ, ನ್ಯೂಯಾರ್ಕ್ ಬೀದಿಗೆ ಸಮುದ್ರ. ಮಗ ಜೇಕ್ ಜಿಲೆನ್‌ಹಾಲ್ ಗೆಳೆಯರ ಜೊತೆ ಅಲ್ಲಿನ ದೊಡ್ಡ ಲೈಬ್ರರಿಯಲ್ಲಿ ಸಿಕ್ಕಿಹಾಕಿಕೊಂಡು ಪುಸ್ತಕ ಸುಟ್ಟು ಬೆಂಕಿ ಕಾಯಿಸುತ್ತಾನೆ. ಅಪ್ಪ ಹಿಮದಲ್ಲಿ ನಡೆದುಕೊಂಡು ಮಗನನ್ನು ಹುಡುಕಲು ಹೊರಡುತ್ತಾನೆ. ಇಷ್ಟೇ ಕಥೆ.

ಈಗ ವಿಜ್ಞಾನ. ನೀವು ಪೂರ್ತಿ ಬುರುಡೆ ಅಂದಿರಿ. ಪೂರ್ತಿ ಅಲ್ಲ. ಅಟ್ಲಾಂಟಿಕ್‌ನಲ್ಲಿ ಬೆಚ್ಚಗಿನ ಮೇಲ್ನೀರು ಉತ್ತರಕ್ಕೆ ಹೋಗುತ್ತದೆ, ಅಲ್ಲಿ ತಣ್ಣಗಾಗಿ, ಉಪ್ಪಿನಂಶವೂ ಜಾಸ್ತಿ ಇರುವುದರಿಂದ ಭಾರವಾಗಿ ಮುಳುಗುತ್ತದೆ, ಆಳದಲ್ಲಿ ದಕ್ಷಿಣಕ್ಕೆ ವಾಪಸು ಬರುತ್ತದೆ. ಗ್ರೀನ್‌ಲ್ಯಾಂಡಿನ ಹಿಮ ಕರಗಿ ಸಿಹಿನೀರು ಸೇರಿದರೆ ಅದು ಹಗುರವಾಗಿ ಮುಳುಗುವುದು ಕಡಿಮೆಯಾಗುತ್ತದೆ, ಪ್ರವಾಹ ನಿಧಾನವಾಗುತ್ತದೆ. ಇದು ಕಲ್ಪನೆಯಲ್ಲ. ಸುಮಾರು 12,900 ವರ್ಷಗಳ ಹಿಂದೆ ಉತ್ತರ ಗೋಳಾರ್ಧ ಹೀಗೆ ಮತ್ತೆ ಚಳಿಗೆ ಬಿದ್ದು ಸಾವಿರ ವರ್ಷಕ್ಕೂ ಜಾಸ್ತಿ ಹಾಗೇ ಇತ್ತು, ಅದಕ್ಕೆ ಈ ಪ್ರವಾಹ ಕುಗ್ಗಿದ್ದೇ ಕಾರಣ ಅನ್ನುವುದು ಹೆಚ್ಚಿನ ವಿಜ್ಞಾನಿಗಳ ಲೆಕ್ಕ. ಸಿನಿಮಾ ಬಂದ 2004ರಲ್ಲೇ ಅಟ್ಲಾಂಟಿಕ್‌ಗೆ ಅಡ್ಡಲಾಗಿ, 26.5 ಡಿಗ್ರಿ ಉತ್ತರದಲ್ಲಿ, ಉಪಕರಣಗಳನ್ನು ಇಳಿಬಿಟ್ಟು ಪ್ರವಾಹವನ್ನು ಸತತವಾಗಿ ಅಳೆಯಲು ಶುರು ಮಾಡಿದರು. ವಿಶ್ವಸಂಸ್ಥೆಯ ಹವಾಮಾನ ಸಮಿತಿ 2021ರ ವರದಿಯಲ್ಲಿ ಹೇಳಿದ್ದು ಇದು: ಈ ಶತಮಾನದಲ್ಲಿ ಪ್ರವಾಹ ದುರ್ಬಲವಾಗುವುದು ಬಹುತೇಕ ಖಂಡಿತ, ಆದರೆ 2100ರೊಳಗೆ ದಿಢೀರನೆ ಕುಸಿಯುವುದಿಲ್ಲ ಅನ್ನುವ ನಂಬಿಕೆ ಮಧ್ಯಮ ಮಟ್ಟದ್ದು. ಹಾಗೊಂದು ವೇಳೆ ಕುಸಿದರೆ ನಮ್ಮ ಕಡೆ ಹಿಮವೇನೂ ಬೀಳುವುದಿಲ್ಲ. ಮಳೆಯ ಪಟ್ಟಿ ದಕ್ಷಿಣಕ್ಕೆ ಸರಿದು ಮುಂಗಾರು ಸೊರಗುತ್ತದೆ. ದೆಹಲಿಯಲ್ಲಿ ಹಿಮ ಸುರಿಸುವ ಬದಲು ಕೆರೆ ಒಣಗಿದ್ದನ್ನು ತೋರಿಸಿದ್ದರೆ ನಿಜಕ್ಕೆ ಹತ್ತಿರ ಇರುತ್ತಿತ್ತು, ಆದರೆ ಅದಕ್ಕೆ ಯಾರು ಟಿಕೆಟ್ ತಗೊಳ್ತಾರೆ?

ಬುರುಡೆ ಇರುವುದು ವೇಗದಲ್ಲಿ. ದಶಕಗಳ ಕೆಲಸವನ್ನು ನಿರ್ದೇಶಕ ರೋಲಂಡ್ ಎಮ್ಮೆರಿಕ್ ಕೆಲವೇ ದಿನಕ್ಕೆ ಇಳಿಸಿದ್ದಾರೆ. ಬಿರುಗಾಳಿಯ ಕಣ್ಣು ಆಕಾಶದ ಮೇಲ್ಪದರದ ಗಾಳಿಯನ್ನು ಕೆಳಗೆಳೆದು ಸೆಕೆಂಡುಗಳಲ್ಲಿ ಮನುಷ್ಯರನ್ನು ಹೆಪ್ಪುಗಟ್ಟಿಸುತ್ತದಂತೆ. ಗಾಳಿ ಕೆಳಗಿಳಿಯುವಾಗ ಒತ್ತಡ ಹೆಚ್ಚಿ ಬಿಸಿಯಾಗುತ್ತದೆ, ಕಿಲೋಮೀಟರಿಗೆ ಸುಮಾರು 10 ಡಿಗ್ರಿಯಂತೆ. ಅಂದರೆ 10 ಕಿ.ಮೀ. ಎತ್ತರದ ಮೈನಸ್ 60 ಡಿಗ್ರಿ ಗಾಳಿ ನೆಲ ಮುಟ್ಟುವ ಹೊತ್ತಿಗೆ ಏಪ್ರಿಲ್ ತಿಂಗಳ ರಾಯಚೂರು! ಸಿನಿಮಾದಲ್ಲಿ ಹೇಳುವ ಚಳಿ ಮೈನಸ್ 150 ಫ್ಯಾರನ್‌ಹೀಟ್, ಸೆಲ್ಸಿಯಸ್‌ನಲ್ಲಿ ಮೈನಸ್ 101. ಭೂಮಿಯ ಮೇಲಿನ ಹವಾಮಾನ ಕೇಂದ್ರದಲ್ಲಿ ದಾಖಲಾದ ಅತಿ ಕೆಳಗಿನ ಅಂಕಿ ಮೈನಸ್ 89.2, ಅದೂ ಅಂಟಾರ್ಕ್ಟಿಕಾದ ವೋಸ್ಟೋಕ್‌ನಲ್ಲಿ, 1983ರ ಜುಲೈನಲ್ಲಿ. ಹೆಲಿಕಾಪ್ಟರ್‌ಗಳ ಇಂಧನ ಗಟ್ಟಿಯಾಗಿ ಅವು ಉರುಳುವ ಸೀನನ್ನು ಮಾತ್ರ ಪೂರ್ತಿ ಬಯ್ಯಬೇಡಿ. ವಿಮಾನ ಇಂಧನ ಮೈನಸ್ 40ರ ಆಸುಪಾಸಿನಲ್ಲಿ ಗಟ್ಟಿಯಾಗಲು ಶುರುವಾಗುವುದು ನಿಜ.

ವಿಜ್ಞಾನದ ಮಾತು ಸಾಕು. ನಿಮ್ಮ ಪತ್ರದಲ್ಲಿ ನನಗೆ ತಡೆಯಲಾಗದ ಸಾಲು ನಟರದ್ದು.

ಡಿಸಾಸ್ಟರ್ ಸಿನಿಮಾದಲ್ಲಿ ಹೀರೋ ಯಾರು? ಅನಾಹುತವೇ ಹೀರೋ. ಜನರಿಗೆ ನೆನಪಿರುವುದು ಹಿಮದಲ್ಲಿ ಹೂತ ಲಿಬರ್ಟಿ ಪ್ರತಿಮೆ, ಯಾವ ನಟನ ಮುಖವೂ ಅಲ್ಲ. 12.5 ಕೋಟಿ ಡಾಲರ್ ಖರ್ಚು ಮಾಡಿ 55 ಕೋಟಿ ಡಾಲರ್‌ಗೂ ಜಾಸ್ತಿ ದುಡಿದ ಸಿನಿಮಾ ಇದು, ಆ ದುಡ್ಡನ್ನು ದುಡಿದದ್ದು ಅಲೆ ಮತ್ತು ಹಿಮ. ಇಂಥ ಕಡೆ ನಟನಿಗೆ ಸಿಗುವುದು ಒಳ್ಳೆಯ ಸಂಬಳ, ನಾಲ್ಕು ಜನ ಗುರುತು ಹಿಡಿಯುವುದು, ಅಷ್ಟೇ. ವೃತ್ತಿ ಬೆಳೆಯುವುದು ಅಥವಾ ಮುಳುಗುವುದು ಅವನು ಮುಂದೆ ಯಾವ ಪಾತ್ರ ಆರಿಸಿಕೊಳ್ಳುತ್ತಾನೆ ಅನ್ನುವುದರ ಮೇಲೆ. ಆದ್ದರಿಂದ "ಈ ಸಿನಿಮಾದಿಂದ ಯಾರು ಬೆಳೆದರು" ಅಂತ ಕೇಳುವುದೇ ಸರಿಯಲ್ಲ. ಇಲ್ಲದ ಚಳಿಯನ್ನು ಇದೆ ಅಂತ ನಂಬಿಸಿದರಾ? ಅದನ್ನು ಕೇಳಿ.

ಚಳಿ ಅಟ್ಟಿಸಿಕೊಂಡು ಬರುವ ಸೀನ್ ತಗೊಳ್ಳಿ, ನೀವು ನಕ್ಕ ಸೀನ್. ನಾನೂ ನಗುತ್ತೇನೆ. ಆದರೆ ಆ ಹುಡುಗರು ಓಡುವಾಗ ಹಿಂದೆ ಏನೂ ಇಲ್ಲ. ಗೋಡೆ ಮೇಲೆ ಹಬ್ಬುವ ಮಂಜು ಆಮೇಲೆ ಕಂಪ್ಯೂಟರಿನಲ್ಲಿ ಸೇರಿಸಿದ್ದು, ಹಡಗಿನೊಳಗೆ ಬರುವ ತೋಳಗಳೂ ಹಾಗೆಯೇ. ಖಾಲಿ ಜಾಗಕ್ಕೆ ಹೆದರಿ ಓಡುವುದು, ಅದೂ ನಗು ಬಾರದ ಹಾಗೆ ಮುಖ ಇಟ್ಟುಕೊಂಡು, ಸುಲಭವೇನಲ್ಲ. ಕಥೆ ಬರೆದವರ ತಪ್ಪಿಗೆ ನಟರನ್ನು ಬಯ್ಯುವುದು ಯಾವ ನ್ಯಾಯ?

ಜಿಲೆನ್‌ಹಾಲ್‌ಗೆ ಸಿನಿಮಾ ಬಿಡುಗಡೆಯಾದಾಗ 23 ವರ್ಷ. ಶಾಲೆಯ ಕ್ವಿಜ್ ತಂಡದ ಹುಡುಗನ ಪಾತ್ರ. ಅದಕ್ಕೆ ಮೊದಲೇ 'ಅಕ್ಟೋಬರ್ ಸ್ಕೈ' ಮತ್ತು 'ಡಾನಿ ಡಾರ್ಕೋ' ಮಾಡಿದ್ದ ಹುಡುಗ, ಇಲ್ಲಿ ಅವನಿಗೆ ಮಾಡಲು ಏನೂ ಇರಲಿಲ್ಲ, ಅದನ್ನು ಒಪ್ಪುತ್ತೇನೆ. ಅದೇ ಹೊತ್ತಿನಲ್ಲಿ ಇನ್ನೊಂದು ಬಾಗಿಲೂ ಅರ್ಧ ತೆರೆದಿತ್ತು: ಟೋಬಿ ಮಗ್ವಾಯರ್ ಬೆನ್ನುನೋವಿನಿಂದ 'ಸ್ಪೈಡರ್-ಮ್ಯಾನ್ 2' ಬಿಡಬೇಕಾಗಬಹುದು ಅನ್ನುವ ಪರಿಸ್ಥಿತಿ ಬಂದಾಗ ಆ ಜಾಗಕ್ಕೆ ಇವನ ಹೆಸರು ಓಡಾಡಿತ್ತು. ಅದು ಆಗಲಿಲ್ಲ. ಆಗಿದ್ದರೆ ಮುಂದಿನ ವರ್ಷಗಳೆಲ್ಲ ಆ ಬಟ್ಟೆಯೊಳಗೇ ಕಳೆದುಹೋಗುತ್ತಿದ್ದವೋ ಏನೋ. ಬದಲಿಗೆ 2005ರಲ್ಲಿ ಆಂಗ್ ಲೀ ಅವರ 'ಬ್ರೋಕ್‌ಬ್ಯಾಕ್ ಮೌಂಟನ್' ಬಂತು, ಆಸ್ಕರ್‌ಗೆ ಹೆಸರು ಹೋಯಿತು, ಬ್ರಿಟನ್ನಿನ ಸಿನಿಮಾ ಪ್ರಶಸ್ತಿ ಬಾಫ್ಟಾ ಕೈಗೆ ಬಂತು. ಆಮೇಲೆ 'ಜೋಡಿಯಾಕ್'. 2010ರಲ್ಲಿ ಮತ್ತೆ ದೊಡ್ಡ ಬಜೆಟ್ಟಿನ 'ಪ್ರಿನ್ಸ್ ಆಫ್ ಪರ್ಷಿಯಾ', ಅದು ಅವನಿಗೆ ಒಗ್ಗಲಿಲ್ಲ. ಅಲ್ಲಿಂದ ಅವನು ಬೇರೆ ದಾರಿ ಹಿಡಿದ. 2014ರ 'ನೈಟ್‌ಕ್ರಾಲರ್'ನಲ್ಲಿ ಅಪಘಾತ, ಕೊಲೆಗಳ ವಿಡಿಯೋ ಹಿಡಿದು ಟೀವಿಗೆ ಮಾರುವವನ ಪಾತ್ರ. ಅದಕ್ಕಾಗಿ ಮೈ ಇಳಿಸಿ, ಕಣ್ಣು ಗುಳಿಬಿದ್ದು, ರೆಪ್ಪೆ ಮಿಟುಕಿಸದೆ ಮಾತಾಡುತ್ತಾನೆ, ನೋಡುವುದಕ್ಕೇ ಭಯ. ಅದಕ್ಕೆ ಆಸ್ಕರ್ ಪಟ್ಟಿಯಲ್ಲಿ ಹೆಸರೇ ಬರಲಿಲ್ಲ, ನನಗೆ ಇವತ್ತಿಗೂ ಸಿಟ್ಟಿದೆ. ಮರುವರ್ಷ 'ಎವರೆಸ್ಟ್'. 1996ರ ಮೇ ತಿಂಗಳಲ್ಲಿ ಆ ಬೆಟ್ಟದ ಮೇಲೆ ನಿಜವಾಗಿ ಸತ್ತ ಸ್ಕಾಟ್ ಫಿಶರ್ ಪಾತ್ರ ಅವನದು. ಲೈಬ್ರರಿಯಲ್ಲಿ ಚಳಿಯನ್ನು ಓಡಿ ಗೆದ್ದ ಹುಡುಗ ಇಲ್ಲಿ ಅದರ ಕೈಲಿ ಸೋಲುತ್ತಾನೆ. ಎರಡನ್ನೂ ಒಂದರ ಹಿಂದೆ ಒಂದು ನೋಡಿ, ಹನ್ನೊಂದು ವರ್ಷದಲ್ಲಿ ನಟ ಏನು ಕಲಿತ ಅಂತ ಗೊತ್ತಾಗುತ್ತದೆ. 2019ರಲ್ಲಿ ಸ್ಪೈಡರ್-ಮ್ಯಾನ್ ಸರಣಿಗೂ ಬಂದ, ಖಳನಾಗಿ. ಇವನನ್ನಾ ಹೆಪ್ಪುಗಟ್ಟಿದ ಅಂತ ನೀವು ಹೇಳಿದ್ದು?

ಕ್ವೇಡ್ ವಿಷಯ ಬೇರೆ. ಆತ ಅಷ್ಟರಲ್ಲೇ ಹಳಬ. 1979ರ 'ಬ್ರೇಕಿಂಗ್ ಅವೇ', 1983ರ 'ದಿ ರೈಟ್ ಸ್ಟಫ್'ನಲ್ಲಿ ಗಗನಯಾತ್ರಿ ಗಾರ್ಡನ್ ಕೂಪರ್, 1989ರಲ್ಲಿ ಪಿಯಾನೋ ಮುರಿಯುವಂತೆ ಬಾರಿಸುವ ರಾಕ್ ಹಾಡುಗಾರ ಜೆರಿ ಲೀ ಲೂಯಿಸ್. 2002ರ 'ಫಾರ್ ಫ್ರಮ್ ಹೆವನ್' ಅವನ ಅತ್ಯುತ್ತಮ ಕೆಲಸಗಳಲ್ಲಿ ಒಂದು. ಈ ಹಿಮದ ಸಿನಿಮಾದಲ್ಲಿ ಅವನಿಗಿದ್ದದ್ದು ಹುಬ್ಬು ಗಂಟಿಕ್ಕುವ ಕೆಲಸ, ಅದನ್ನು ಪ್ರಾಮಾಣಿಕವಾಗಿ ಮಾಡಿದ್ದಾನೆ. ಮುಂದೆ ಒಂದಷ್ಟು ವರ್ಷ ಮಂಕಾಗಿದ್ದ, ಸರಿ. ಆದರೆ 2024ರಲ್ಲಿ ಏನಾಯಿತು ನೋಡಿ: ಒಂದು ಕಡೆ 'ರೇಗನ್'ನಲ್ಲಿ ಅಮೆರಿಕದ ಅಧ್ಯಕ್ಷ, ಅದಾದ ಸ್ವಲ್ಪ ದಿನಕ್ಕೆ 'ದಿ ಸಬ್‌ಸ್ಟೆನ್ಸ್'ನಲ್ಲಿ ಬಾಯಿ ತುಂಬ ಸಿಗಡಿ ತುಂಬಿಕೊಂಡು ಮಾತಾಡುವ ಹೇಸಿಗೆಯ ಟೀವಿ ಬಾಸ್. ಎಪ್ಪತ್ತರ ವಯಸ್ಸಿನಲ್ಲಿ ತನ್ನನ್ನು ಅಷ್ಟು ಅಸಹ್ಯವಾಗಿ ತೋರಿಸಿಕೊಳ್ಳಲು ಗುಂಡಿಗೆ ಬೇಕು.

ಲೈಬ್ರರಿಯಲ್ಲಿ ಜಿಲೆನ್‌ಹಾಲ್ ಜೊತೆ ಸಿಕ್ಕಿಹಾಕಿಕೊಳ್ಳುವ ಗೆಳತಿ ಎಮ್ಮಿ ರಾಸಮ್‌ಗೆ ಆಗ ಹದಿನೇಳು. ಏಳನೇ ವಯಸ್ಸಿಗೇ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಒಪೆರಾದ ಮಕ್ಕಳ ತಂಡದಲ್ಲಿ ಹಾಡಿದ ಹುಡುಗಿ. ಅದೇ 2004ರ ಕೊನೆಗೆ 'ದಿ ಫ್ಯಾಂಟಮ್ ಆಫ್ ದಿ ಒಪೆರಾ'ದ ನಾಯಕಿ. ಆಮೇಲೆ ಒಂದು ಎಡವಟ್ಟು ಆಯ್ಕೆ, 2006ರ 'ಪೊಸೈಡನ್', ಮಗುಚಿದ ಹಡಗಿನ ಕಥೆ, ಮತ್ತೆ ನೀರು, ಮತ್ತೆ ಓಟ. ಅದು ಅಮೆರಿಕದಲ್ಲಿ ಸೋತಿತು. ಅವಳ ನಿಜವಾದ ಜಾಗ ಸಿಕ್ಕಿದ್ದು ಟೀವಿಯಲ್ಲಿ, 2011ರಿಂದ ಒಂಬತ್ತು ಸೀಸನ್ ಮಾಡಿದ 'ಶೇಮ್‌ಲೆಸ್'ನಲ್ಲಿ. ಕುಡುಕ ಅಪ್ಪ, ಐದು ತಮ್ಮ ತಂಗಿಯರು, ಎಲ್ಲರನ್ನೂ ಸಾಕುವ ಅಕ್ಕ. ಹುಡುಗನ ತಾಯಿಯ ಪಾತ್ರ ಮಾಡಿದ ಸೀಲಾ ವಾರ್ಡ್‌ಗಂತೂ ಆಗಲೇ ಟೀವಿ ನಟನೆಗೆ ಕೊಡುವ ಎಮ್ಮಿ ಪ್ರಶಸ್ತಿ ಎರಡು ಸಲ ಬಂದಿತ್ತು. ಇಲ್ಲಿ ಅವಳನ್ನು ಆಸ್ಪತ್ರೆಯಲ್ಲಿ ಕೂರಿಸಿಬಿಟ್ಟರು, ಸುಮ್ನೆ ವ್ಯರ್ಥ. ಎಮ್ಮೆರಿಕ್‌ಗೇ ಅನ್ನಿಸಿತೋ ಏನೋ, 2016ರಲ್ಲಿ 'ಇಂಡಿಪೆಂಡೆನ್ಸ್ ಡೇ' ಎರಡನೇ ಭಾಗದಲ್ಲಿ ಅವಳನ್ನು ಅಮೆರಿಕದ ಅಧ್ಯಕ್ಷೆ ಮಾಡಿದರು. ಇಲ್ಲಿ ಅಧ್ಯಕ್ಷನಾಗಿರುವ ಪೆರಿ ಕಿಂಗ್ 'ಸ್ಟಾರ್ ವಾರ್ಸ್' ರೇಡಿಯೋ ನಾಟಕದಲ್ಲಿ ಹಾನ್ ಸೋಲೋಗೆ ದನಿ ಕೊಟ್ಟವನು. ಉಪಾಧ್ಯಕ್ಷನ ಪಾತ್ರದ ಕೆನೆತ್ ವೆಲ್ಶ್ ಆಗಿನ ನಿಜವಾದ ಉಪಾಧ್ಯಕ್ಷ ಡಿಕ್ ಚೇನಿಯ ಹಾಗೇ ಕಾಣುತ್ತಾನೆ ಅಂತ ಆಗ ಎಲ್ಲರೂ ಮಾತಾಡಿಕೊಂಡರು.

ಈಗ ನಾನು ಈ ಸಿನಿಮಾವನ್ನು ಪಟ್ಟಿಗೆ ಸೇರಿಸಿದ ಕಾರಣಕ್ಕೆ ಬರುತ್ತೇನೆ: ಇಯಾನ್ ಹೋಮ್. ನೀವು ಅವರ ಹೆಸರನ್ನೇ ಎತ್ತಿಲ್ಲ. ಸ್ಕಾಟ್‌ಲೆಂಡಿನ ಹವಾಮಾನ ಕೇಂದ್ರದಲ್ಲಿ ಮೂವರು ವಿಜ್ಞಾನಿಗಳು. ಜನರೇಟರಿನ ಇಂಧನ ಮುಗಿಯುತ್ತಿದೆ. ಯಾರೂ ಬರುವುದಿಲ್ಲ ಅಂತ ಗೊತ್ತು. ಹನ್ನೆರಡು ವರ್ಷದ ವಿಸ್ಕಿ ಬಾಟಲಿಯನ್ನು ಜನರೇಟರಿಗೆ ಸುರಿಯಬಹುದಾ ಅಂತ ಒಬ್ಬ ಕೇಳಿದರೆ, ಹುಚ್ಚಾ ನಿನಗೆ ಅನ್ನುವ ಧಾಟಿಯಲ್ಲಿ ಉತ್ತರ. ಗ್ಲಾಸು ಎತ್ತುತ್ತಾರೆ, ಇಂಗ್ಲೆಂಡಿಗೆ, ಮನುಕುಲಕ್ಕೆ, ಮ್ಯಾಂಚೆಸ್ಟರ್ ಯುನೈಟೆಡ್‌ಗೆ. ಮಗ ಬೆಳೆಯುವುದನ್ನು ನೋಡಬೇಕಿತ್ತು ಅಂತ ಒಬ್ಬ ಅಂದಾಗ, ಅವನು ಬೆಳೆಯುತ್ತಾನಲ್ಲ, ಅದೇ ಮುಖ್ಯ ಅನ್ನುತ್ತಾರೆ ಹೋಮ್. ದೀಪ ಹೋಗುತ್ತದೆ. ಇದರಲ್ಲಿ ಅಲೆ ಇಲ್ಲ, ತೋಳ ಇಲ್ಲ, ಯಾರೂ ಓಡುವುದಿಲ್ಲ. ಸಿನಿಮಾದಲ್ಲಿ ನಿಜವಾಗಿ ಚಳಿ ಹತ್ತುವುದು ಇಲ್ಲಿ ಮಾತ್ರ.

ಹಾಗೆ ಮಾಡಲು ಸಾಧ್ಯವಾದದ್ದು ಅವರು ರಂಗಭೂಮಿಯಿಂದ ಬಂದಿದ್ದರಿಂದ. ಬಾಯಲ್ಲಿ ಹೇಳುವುದು ಒಂದು, ಒಳಗೆ ಇರುವುದು ಇನ್ನೊಂದು, ಈ ವಿದ್ಯೆ ಹೆರಾಲ್ಡ್ ಪಿಂಟರ್ ನಾಟಕ ಆಡಿದವರಿಗೆ ರಕ್ತದಲ್ಲಿರುತ್ತದೆ. ಪಿಂಟರ್ ಬರೆದ 'ದಿ ಹೋಮ್‌ಕಮಿಂಗ್'ನಲ್ಲಿ ಮಾಡಿದ ಪಾತ್ರಕ್ಕೆ ಹೋಮ್‌ಗೆ 1967ರಲ್ಲಿ ಅಮೆರಿಕದ ರಂಗಭೂಮಿಯ ಟೋನಿ ಪ್ರಶಸ್ತಿ ಬಂತು. ಆದರೆ 1976ರಲ್ಲಿ 'ದಿ ಐಸ್‌ಮ್ಯಾನ್ ಕಮೆತ್' ನಾಟಕದ ಹೊತ್ತಿಗೆ ರಂಗದ ಭಯ ಹಿಡಿದು ಆಟ ಬಿಟ್ಟು ಹೊರಬಂದರು, ಆಮೇಲೆ ಬಹಳ ವರ್ಷ ರಂಗದಿಂದ ದೂರವೇ ಉಳಿದರು. ಹೆಪ್ಪುಗಟ್ಟುವುದು ಅಂದರೆ ಅದು! ಸಿನಿಮಾ ಅವರನ್ನು ಕಾಪಾಡಿತು: 1979ರ 'ಏಲಿಯನ್', 1981ರ 'ಚಾರಿಯಟ್ಸ್ ಆಫ್ ಫೈರ್'ಗೆ ಆಸ್ಕರ್ ನಾಮನಿರ್ದೇಶನ. ತೊಂಬತ್ತರ ದಶಕದಲ್ಲಿ ರಂಗಕ್ಕೆ ವಾಪಸಾಗಿ 1997ರಲ್ಲಿ ಲಂಡನ್ನಿನಲ್ಲಿ ಲಿಯರ್ ರಾಜನ ಪಾತ್ರ ಮಾಡಿದರು, ಅದಕ್ಕೂ ಪ್ರಶಸ್ತಿ. ಮಕ್ಕಳು ಅವರನ್ನು 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಸಿನಿಮಾದ ಬಿಲ್ಬೋ ಅಂತಲೇ ಗುರುತಿಸುತ್ತಾರೆ. 2020ರ ಜೂನ್‌ನಲ್ಲಿ ತೀರಿಕೊಂಡರು. ಆ ಕೋಣೆಯಲ್ಲಿ ಅವರ ಜೊತೆ ಕೂತ ಏಡ್ರಿಯನ್ ಲೆಸ್ಟರ್ ಕೂಡ ರಂಗದವರೇ, 2013ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರಿನಲ್ಲಿ ಒಥೆಲೋ ಆದವರು.

ಎಮ್ಮೆರಿಕ್ ಬಗ್ಗೆ ನನಗೇನೂ ಮಮಕಾರ ಇಲ್ಲ. 2009ರ '2012'ರಲ್ಲಿ ಇಡೀ ಭೂಮಿಯನ್ನೇ ಮುಳುಗಿಸಿದರು, 2022ರ 'ಮೂನ್‌ಫಾಲ್'ನಲ್ಲಿ ಚಂದ್ರನನ್ನೇ ಬೀಳಿಸಲು ಹೊರಟರು, ಅದು ಯಾರಿಗೂ ಬೇಡವಾಯಿತು. ಅನಾಹುತ ದೊಡ್ಡದಾದಷ್ಟೂ ವಿಸ್ಕಿ ಕುಡಿಯುವ ಮೂವರಿಗೆ ಜಾಗ ಕಡಿಮೆಯಾಗುತ್ತದೆ ಅಲ್ವಾ.

ನಿಮ್ಮ ಕೊನೆಯ ಪ್ರಶ್ನೆ. ಹತ್ತು ದಾಟಿದ ಮಕ್ಕಳಾದರೆ ಧಾರಾಳವಾಗಿ ತೋರಿಸಿ, ಚಿಕ್ಕವರಿದ್ದರೆ ಹಡಗಿನೊಳಗೆ ತೋಳ ಬರುವ ಭಾಗದಲ್ಲಿ ಪಕ್ಕದಲ್ಲಿ ಕೂತಿರಿ. ಗಾಳಿ ಕೆಳಗಿಳಿದರೆ ಬಿಸಿಯಾಗುತ್ತದೆ ಅನ್ನುವುದನ್ನು ನಡುವೆ ಹೇಳಬೇಡಿ, ಸಿನಿಮಾ ಮುಗಿದ ಮೇಲೆ ಹೇಳಿ. 'ನೈಟ್‌ಕ್ರಾಲರ್' ಮಾತ್ರ ಅವರಿಗೆ ಬೇಡ. ಅದನ್ನು ಅವರು ಮಲಗಿದ ಮೇಲೆ ನೀವು ನೋಡಿ, ಆಮೇಲೆ ಬೇಕಾದರೆ ಇನ್ನೊಂದು ಪತ್ರ ಬರೆಯಿರಿ.

— ಸಂ.