ಊಟ ಕೊಟ್ಟ ಯೇಸುವನ್ನು ಜನ ರಾಜನನ್ನಾಗಿ ಮಾಡಲು ಹೊರಟಿದ್ದೇಕೆ?

ಬೈಬಲಿನ ಯೋಹಾನನ ಸುವಾರ್ತೆಯ 6ನೇ ಅಧ್ಯಾಯದ ಪ್ರಸಂಗ ಇದು. ಐದು ರೊಟ್ಟಿ, ಎರಡು ಮೀನಿನಲ್ಲಿ ಸುಮಾರು 5,000 ಗಂಡಸರಿದ್ದ ಗುಂಪಿನ ಹೊಟ್ಟೆ ತುಂಬಿತು. ಕೂಡಲೇ ಅವರು ಯೇಸುವನ್ನು ಹಿಡಿದು ರಾಜನನ್ನಾಗಿ ಮಾಡಲು ಹೊರಟರು.

ಇದರಲ್ಲಿ ಭಕ್ತಿಗಿಂತ ರಾಜಕೀಯವೇ ಜಾಸ್ತಿ. ಯೇಸುವಿನ ಊರಿದ್ದ ಗಲಿಲಾಯ ಪ್ರಾಂತ್ಯದಲ್ಲಿ ಆಗ ರೋಮ್‌ನ ಅಡಿಯಾಳು ಹೆರೋದ ಅಂತಿಪನ ಆಳ್ವಿಕೆ. ಮೇಲಾಗಿ ಪಸ್ಕ ಹಬ್ಬ ಹತ್ತಿರ ಬಂದಿತ್ತು. ಅದು ಯೆಹೂದ್ಯರು ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದ ನೆನಪಿನ ಹಬ್ಬ. ಅವರನ್ನು ಬಿಡಿಸಿ ತಂದ ಮೋಶೆಯ ಕಾಲದಲ್ಲಿ ಆಕಾಶದಿಂದ ಮನ್ನ ಎಂಬ ಆಹಾರ ಸಿಕ್ಕಿತ್ತು, ಈಗ ರೊಟ್ಟಿ ಸಿಕ್ಕಿದೆ, ಇನ್ನು ರೋಮನ್ನರನ್ನು ಓಡಿಸುವುದೊಂದೇ ಬಾಕಿ ಅಂದುಕೊಂಡಿರಬೇಕು. ಹಸಿದವರ ಲೆಕ್ಕಾಚಾರ, ಅದನ್ನು ಸುಮ್ನೆ ಬೈಯಲಾರೆ.

ಯೇಸು ಒಬ್ಬನೇ ಬೆಟ್ಟಕ್ಕೆ ಹೋದ. ಮರುದಿನ ಹುಡುಕಿಕೊಂಡು ಬಂದವರಿಗೆ, ನೀವು ಬಂದಿದ್ದು ರೊಟ್ಟಿ ತಿಂದು ಹೊಟ್ಟೆ ತುಂಬಿದ್ದಕ್ಕೆ ಎಂದು ನೇರವಾಗಿ ಹೇಳಿದ. ಅಧ್ಯಾಯ ಮುಗಿಯುವಷ್ಟರಲ್ಲಿ ಹಲವು ಶಿಷ್ಯರೇ ಅವನನ್ನು ಬಿಟ್ಟು ಹೋಗಿದ್ದರು.