ಟಿಜಿವಿ ನಿಲ್ಲುತ್ತದೆ ಅಂತ ಅಷ್ಟಕ್ಕೇ ಮನೆ ಹಿಡಿಯಬೇಡಿ

ನಮಸ್ಕಾರ. ಫ್ರಾನ್ಸ್‌ಗೆ ಬರುತ್ತಿದ್ದೀರಿ ಅಂತ ಓದಿ ಖುಷಿಯಾಯಿತು. ವಾರಕ್ಕೆ ಎರಡೇ ದಿನ ಪ್ಯಾರಿಸ್ ಆಫೀಸು, ಅಲ್ಲಿನ ಬಾಡಿಗೆ ಕೈಗೆಟುಕುವುದಿಲ್ಲ, ಟಿಜಿವಿ (ಇಲ್ಲಿನ ಅತಿವೇಗದ ರೈಲು) ನಿಲ್ಲುವ ಯಾವುದಾದರೂ ಸಣ್ಣ ಊರಲ್ಲಿ ಹೆಂಡತಿ, ಮಗುವಿನ ಜೊತೆ ಇದ್ದರೆ ಆಗುವುದಿಲ್ಲವೇ ಅಂತ ಕೇಳಿದ್ದೀರಿ. ಖಂಡಿತ ಆಗುತ್ತದೆ. ಆದರೆ ಆ ಸ್ಟೇಷನ್ ಊರೊಳಗಿದೆಯೋ, ಊರಾಚೆ ಹೊಲದಲ್ಲಿದೆಯೋ ಅಂತ ಮೊದಲು ನೋಡಿ. ಟಿಜಿವಿ ಹತ್ತುವುದು ವಾರಕ್ಕೆ ಎರಡು ದಿನ, ಅದೂ ನೀವೊಬ್ಬರೇ. ಊರಲ್ಲಿ ಇರಬೇಕಾದವರು ಮೂವರು, ಏಳೂ ದಿನ.

ಹೊಲದಲ್ಲಿ ಯಾಕೆ ಕಟ್ಟಿದರು ಅಂದರೆ, ಗಂಟೆಗೆ 300 ಕಿ.ಮೀ. ಓಡುವ ರೈಲಿಗೆ ಕಡಿದಾದ ತಿರುವು ಆಗಿಬರುವುದಿಲ್ಲ. ಹಳಿ ಹೆಚ್ಚುಕಡಿಮೆ ನೇರವೇ ಹೋಗಬೇಕು. ಊರೊಳಗೆ ಹೊಸ ಹಳಿ ಹಾಕಲು ಮನೆ ಕೆಡವಬೇಕು, ಇಲ್ಲ ಸುರಂಗ ಕೊರೆಯಬೇಕು. ಹಾಗಾಗಿ ಕೆಲವು ಕಡೆ ಹಳಿ ಹೋದಲ್ಲೇ ಸ್ಟೇಷನ್ ಕಟ್ಟಿದರು. ಓತ್ ಪಿಕಾರ್ಡಿ ಸ್ಟೇಷನ್ 1994ರಲ್ಲಿ ಬಂದದ್ದು ಹೀಗೆ. ಅಮಿಯಾನ್, ಸಾನ್ ಕಾಂತಾನ್ ಎರಡೂ ಊರಿಗೆ ಆಗಲಿ ಅಂತ ನಡುವೆ ಕಟ್ಟಿದರು. ಎರಡಕ್ಕೂ ದೂರವಾಯಿತು. ಊರುಗಳ ಮಾಮೂಲಿ ರೈಲು ಅಲ್ಲಿಗೆ ಬರುವುದೇ ಇಲ್ಲ. ಸುತ್ತ ಹೊಲ, ಅದಕ್ಕೇ ಜನ ‘ಬೀಟ್‌ರೂಟ್ ಸ್ಟೇಷನ್’ ಅಂತಾರೆ. ಇಂಥ ಕಡೆ ಕಾರಿಲ್ಲದೆ ಏನೂ ಸಾಗುವುದಿಲ್ಲ. ನಮ್ಮ ದೇಶದ ಲೈಸೆನ್ಸ್ ಇಲ್ಲಿ ನೆಲೆಸಿದ ಮೇಲೆ ಸಾಮಾನ್ಯವಾಗಿ ಒಂದು ವರ್ಷ ಮಾತ್ರ ನಡೆಯುತ್ತದೆ, ಇದೂ ತಲೆಯಲ್ಲಿರಲಿ.

ಎಕ್ಸ್-ಆನ್-ಪ್ರೊವಾನ್ಸ್ ಹೆಸರು ನೀವು ಬರೆದಿದ್ದೀರಿ. ಚೆಂದದ ಊರು. ಆದರೆ 2001ರಲ್ಲಿ ತೆರೆದ ಅಲ್ಲಿನ ಟಿಜಿವಿ ಸ್ಟೇಷನ್ ಊರಿಂದ ಸುಮಾರು 15 ಕಿ.ಮೀ. ಆಚೆ ಇದೆ. ಬಸ್ಸೇ ಗತಿ. ಅದೇ ವರ್ಷ ಅವಿನ್ಯೋನ್‌ನಲ್ಲೂ ಊರಾಚೆ ಕಟ್ಟಿದರು. ಊರ ನಡುವಿನ ಹಳೇ ಸ್ಟೇಷನ್ನಿಗೆ ಸಣ್ಣ ಹಳಿ ಜೋಡಿಸಿದ್ದು 2013ರಲ್ಲಿ. ಈಗ ಐದು ನಿಮಿಷದ ದಾರಿ, ಆದರೆ ಅದಕ್ಕೆ ಜನ ಹನ್ನೆರಡು ವರ್ಷ ಕಾದರು! ವಾಲಾನ್ಸ್‌ನವರು ಜಾಣರು. ಸ್ಟೇಷನ್ ಊರಾಚೆಯೇ ಆದರೂ ಮಾಮೂಲಿ ರೈಲಿನ ಹಳಿ ಹಾದುಹೋಗುವ ಜಾಗವನ್ನೇ ಆರಿಸಿದರು. ಕೆಳಗೆ ಟಿಜಿವಿ, ಮೇಲೆ ಊರ ರೈಲು ಅನ್ನುವ ಹಾಗೆ ಒಂದೇ ಕಟ್ಟಡದಲ್ಲಿ ಗಾಡಿ ಬದಲಿಸಬಹುದು.

ನಾನಿರುವುದು ಲೀಲ್‌ನಲ್ಲಿ. ಇಲ್ಲೂ ಹೊಸ ಹಳಿ ಊರಾಚೆ ಹೋಗಿಬಿಡುವ ಸಾಧ್ಯತೆ ಇತ್ತು. ಆಗ ಮೇಯರ್ ಆಗಿದ್ದ ಪಿಯೆರ್ ಮೊರ್ವಾ ಪಟ್ಟು ಹಿಡಿದು ಊರೊಳಗೇ ತಂದರು. ಹಿಂದೆ ಕೋಟೆಗೋಡೆ ಇದ್ದ ಖಾಲಿ ಜಾಗ ಸಿಕ್ಕಿತು. ಹಳೇ ಲೀಲ್ ಫ್ಲಾಂದ್ರ್ ಸ್ಟೇಷನ್, ಹೊಸ ಲೀಲ್ ಯುರೋಪ್ ಸ್ಟೇಷನ್, ನಡುವೆ ಕೆಲವೇ ನಿಮಿಷದ ನಡಿಗೆ. ಆ ದಾರಿಯಲ್ಲೇ ಯುರಾಲೀಲ್ ಮಾಲ್, ಆಫೀಸುಗಳು, ಫ್ಲಾಟ್‌ಗಳು, ಎರಡೂ ಕಡೆ ಮೆಟ್ರೊ. ಸಂಜೆ ಪ್ಯಾರಿಸ್ ರೈಲಿಂದ ಇಳಿದವರು ಹಾಗೇ ಮಾಲ್ ಹೊಕ್ಕು ಹಾಲು, ತರಕಾರಿ ಚೀಲಕ್ಕೆ ಹಾಕಿಕೊಂಡು ಮೆಟ್ರೊ ಹತ್ತುತ್ತಾರೆ. ಅದೇ ಅಂಗಡಿಗೆ ಟಿಜಿವಿ ಮುಖವನ್ನೇ ನೋಡದ ಅಕ್ಕಪಕ್ಕದ ಬೀದಿಯ ಅಜ್ಜಿಯರೂ ಕೈಗಾಡಿ ಎಳೆದುಕೊಂಡು ಬರುತ್ತಾರೆ. ಪ್ರಯಾಣವಿಲ್ಲದವರಿಗೂ ಬೇಕಾಗುವ ಸ್ಟೇಷನ್ ಅಂದರೆ ನನ್ನ ಪ್ರಕಾರ ಇದೇ. ಯುರೋಪ್ ಸ್ಟೇಷನ್ ಕಡೆ ಅಗಲವಾದ ರಸ್ತೆ, ಬರೀ ಕಾಂಕ್ರೀಟ್, ಗಾಳಿ ಜಾಸ್ತಿ. ಮಗು ಇದೆಯಲ್ವಾ, ಫ್ಲಾಂದ್ರ್ ಕಡೆಯೇ ಮನೆ ನೋಡಿ. ಪ್ಯಾರಿಸ್ ಸುಮಾರು ಒಂದು ಗಂಟೆ.

ಇಂಥ ಜಾಗದಲ್ಲಿ ಬಾಡಿಗೆ ಜಾಸ್ತಿ, ನಿಜ. 2017ರಲ್ಲಿ ಹೊಸ ಟಿಜಿವಿ ಹಳಿ ಬಂದು ಪ್ಯಾರಿಸ್‌ನಿಂದ ಬೋರ್ಡೊ ಊರಿಗೆ ಸುಮಾರು ಎರಡೇ ಗಂಟೆಯ ದಾರಿಯಾದಾಗ, ಮನೆ ಬೆಲೆ ಏರುತ್ತಿದೆ ಅಂತ ಅಲ್ಲಿನವರು ಪ್ಯಾರಿಸ್‌ನವರ ಮೇಲೆ ಸಿಟ್ಟಾಗಿದ್ದರು. ಸ್ಟೇಷನ್ ಪಕ್ಕವೇ ಬೇಕೆಂದಿಲ್ಲ. ಮೆಟ್ರೊದಲ್ಲಿ ನಾಲ್ಕೈದು ಸ್ಟಾಪ್ ಆಚೆ ನೋಡಿದರೂ ಸಾಕು.

ಯಾವ ಊರಿನ ಮನೆ ಇಷ್ಟವಾದರೂ ಸಹಿ ಹಾಕುವ ಮೊದಲು ಭಾನುವಾರದ ಬಸ್ ವೇಳಾಪಟ್ಟಿ ತೆಗೆದು ನೋಡಿ. ಸ್ಟೇಷನ್ನಿಂದ ಕೊನೆಯ ಬಸ್ ಎಷ್ಟು ಹೊತ್ತಿಗೆ, ಶಾಲೆಗೆ ನಡೆದು ಹೋಗಬಹುದೇ, ನಿಮ್ಮ ಮನೆಯವರು ಕೆಲಸ ಹುಡುಕಿದರೆ ಹತ್ತಿರದಲ್ಲಿ ಏನಿದೆ? ಬೀದಿ ಹೆಸರು ಬರೆದು ಕಳಿಸಿ, ಕೂತು ಒಟ್ಟಿಗೆ ನೋಡೋಣ.